ಒಂಬತ್ತು ಮೂಲೆಯ ಬೆಳಕು

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ. ಮಿಸಾವೊ ಅಜ್ಜಿ ಸಮುದಾಯ ಭವನದ ಗಾಜಿನ ಬೀರು ತೆಗೆದರು. ಮೇಲಿನ ಖಾನೆ ಖಾಲಿ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಖಾಲಿಯೇ. ಅಲ್ಲಿರಬೇಕಾಗಿದ್ದ ಡಿಜಿಟಲ್ ಬ್ಯಾಕ್ ಮಾಯವಾಗಿತ್ತು.

ಎಪ್ಪತ್ತೆರಡರ ಮಿಸಾವೊ ಸುಮ್ಮಸುಮ್ಮನೆ ಕೂಗಾಡುವ ಹೆಂಗಸಲ್ಲ. ಅವತ್ತು ಮಾತ್ರ ಅವರು ಕೂಗಿದ ಕೂಗಿಗೆ ಎದುರಿನ ಪೊಲೀಸ್ ಚೌಕಿಯಲ್ಲಿ ಚಹಾ ಹೀರುತ್ತಿದ್ದ ಸಾರ್ಜೆಂಟ್ ಮೊಮೊಸೆ ಲೋಟ ಅಲ್ಲೇ ಕುಕ್ಕಿ ಓಡಿ ಬಂದಳು. ಮೊಮೊಸೆಗೆ ಐವತ್ತೆರಡು. ಇಪ್ಪತ್ತು ವರ್ಷದಿಂದ ಇದೇ ಚೌಕಿ. ಮಿಜುಹಾರಾ ಎಂಬ ಈ ಸರೋವರದ ಊರಿನಲ್ಲಿ ಅಪರಾಧವೆಂದರೆ ಕಳೆದುಹೋದ ಕೊಡೆ, ಮೂಲಂಗಿ ತಿಂದ ಕಾಡುಹಂದಿ, ಅಷ್ಟೇ.

"ಏನಾಯ್ತು ಅಜ್ಜಿ?"

"ಬ್ಯಾಕ್ ಕಳುವಾಗಿದೆ ಕಣಮ್ಮ!"

"ಬ್ಯಾಕ್ ಅಂದ್ರೆ?"

"ಕ್ಯಾಮೆರಾದ ಹಿಂಭಾಗ."

"ಬರೀ ಹಿಂಭಾಗಾನಾ? ಮುಂಭಾಗ ಬಿಟ್ಟುಹೋದ್ನಾ ಕಳ್ಳ?"

"ಮುಂಭಾಗ ಇಲ್ಲೆಲ್ಲಿರುತ್ತೆ? ಬಾಡಿ ಉಸುಯಿ ಮನೇಲಿ, ಲೆನ್ಸು ಅಧ್ಯಕ್ಷರ ಮನೇಲಿ."

ಮೊಮೊಸೆ ಟಿಪ್ಪಣಿ ಪುಸ್ತಕ ತೆಗೆದಳು. ಮತ್ತೆ ಜೇಬಿಗೆ ಹಾಕಿಕೊಂಡಳು. ಕ್ಯಾಮೆರಾ ಎಂದರೆ ಅವಳಿಗೆ ಫೋನಿನ ಹಿಂದಿರುವ ತೂತು. ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯ ಈವರೆಗೆ ಬಿದ್ದಿರಲಿಲ್ಲ.

ವಿಷಯ ಇಷ್ಟು. ಊರಿನ ಲೆನ್ಸ್ ಕಾರ್ಖಾನೆ ಮುಚ್ಚಿ ಎಂಟು ವರ್ಷವಾಗಿತ್ತು. ಅಲ್ಲಿ ಆಯುಷ್ಯ ಸವೆಸಿದ ಮೂವರು ಹಳಬರು ಸೇರಿ ಸಂಘ ಕಟ್ಟಿ, ಬಿಡಿ ಭಾಗಗಳನ್ನು ಜೋಡಿಸುವ ದೊಡ್ಡ ಕ್ಯಾಮೆರಾ ಒಂದನ್ನು ಕೊಂಡಿದ್ದರು. ಮುಂದೆ ಲೆನ್ಸು, ನಡುವೆ ಬಾಡಿ, ಹಿಂದೆ ಚಿತ್ರ ಬೀಳುವ ಬ್ಯಾಕ್. ಅದು ಯಾರ ಮನೆಯಲ್ಲಿರಬೇಕು ಎಂದು ಮೊದಲ ದಿನವೇ ಜಗಳ ಹತ್ತಿತು. ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಭಾಗ ಎಂದು ಹಂಚಿಕೊಂಡರು. ಮಿಸಾವೊ ಮನೆ ತೇವ, ಹಾಗಾಗಿ ಅವರ ಪಾಲಿನ ಬ್ಯಾಕ್ ಭವನದ ಬೀರುವಿನಲ್ಲಿ. ಭಾನುವಾರ ಮೂವರೂ ಬಂದರೆ ಕ್ಯಾಮೆರಾ. ಒಬ್ಬರು ಮುನಿಸಿಕೊಂಡರೂ ಫೋಟೋ ಇಲ್ಲ. ಅದಕ್ಕೇ ಈ ಸಂಘದಲ್ಲಿ ಎಂಥ ಜಗಳವಾದರೂ ಶನಿವಾರ ಸಂಜೆಯೊಳಗೆ ಮುಗಿಯುತ್ತಿತ್ತು.

"ಬೀರುಗೆ ಬೀಗ ಇಲ್ವಾ ಅಜ್ಜಿ?"

"ಯಾಕೆ ಬೇಕು? ಒಂದು ಚಕ್ರ ಕದ್ದು ಸೈಕಲ್ ಹತ್ತೋಕಾಗುತ್ತಾ?"

ಅಷ್ಟರಲ್ಲಿ ಸುದ್ದಿ ತಿಳಿದು ಇನ್ನಿಬ್ಬರೂ ಬಂದರು. ಮುಂದೆ ಉಸುಯಿ, ಎಪ್ಪತ್ತರ ಸಿಡುಕ, ಕೈ ಸದಾ ನಡುಗುತ್ತಿತ್ತು. ಹಿಂದೆ ಅಧ್ಯಕ್ಷ ಕೊಮಾಕಿ, ಎಪ್ಪತ್ತನಾಲ್ಕು. ಅವರು ಕಾರ್ಖಾನೆಯ ಪರೀಕ್ಷಾ ವಿಭಾಗದ ಮುಖ್ಯಸ್ಥರಾಗಿದ್ದವರು. ಕೂದಲೆಳೆಯಷ್ಟು ಗೀರು ಕಂಡರೂ ಲೆನ್ಸನ್ನು ವಾಪಸ್ ಕಳಿಸುತ್ತಿದ್ದವರು.

"ಇನ್ಯಾರು? ಆ ರಿಂಗ್ ಹುಡುಗಿ!" ಎಂದ ಉಸುಯಿ. "ಹೋದ ವಾರ ಇಲ್ಲೇ ನಿಂತು ಹೇಳಿದ್ಲಲ್ಲ. ಈ ಬ್ಯಾಕಿಗೆ ಬಾಡಿ ಬೇಕಾಗಿಲ್ಲ, ಇದೊಂದೇ ಚಿತ್ರ ಹಿಡಿಯುತ್ತೆ, ಸರಿಯಾದ ರಿಂಗ್ ಹಾಕಿದ್ರೆ ಯಾರ ಲೆನ್ಸ್ ಬೇಕಾದ್ರೂ ಕೂರುತ್ತೆ ಅಂತ. ನಮ್ಮ ಅಧ್ಯಕ್ಷರು ಮೇಜು ಗುದ್ದಿ ಬೈದು ಕಳಿಸಿದ್ರು. ಒಬ್ಬರ ಲೆನ್ಸು ಇನ್ನೊಬ್ಬರ ಕ್ಯಾಮೆರಾಕ್ಕೆ ಹಾಕೋದು ಲೆನ್ಸಿಗೆ ಅವಮಾನ ಅಂತ. ಅಲ್ವಾ ಕೊಮಾಕಿ ಸಾನ್?" ಹೆಸರಿಗೆ ಗೌರವದ 'ಸಾನ್' ಸೇರಿಸುವುದನ್ನು ಸಿಟ್ಟಿನಲ್ಲೂ ಮರೆಯಲಿಲ್ಲ.

ಕೊಮಾಕಿ ಖಾಲಿ ಖಾನೆಯನ್ನೇ ನೋಡುತ್ತಿದ್ದರು. "ಆತುರ ಬೇಡ," ಎಂದರು.

* * *

ರಿಂಗ್ ಹುಡುಗಿಯ ಹೆಸರು ಚಿನಾಮಿ. ಇಪ್ಪತ್ತೇಳು ವರ್ಷ. ಒಂದು ಕಂಪನಿಯ ಲೆನ್ಸನ್ನು ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಕೂರಿಸುವ ಲೋಹದ ರಿಂಗುಗಳನ್ನು ಮಾಡುವುದು ಅವಳ ಕಸುಬು. ಎರಡು ವರ್ಷದ ಹಿಂದೆ ಊರಿಗೆ ಬಂದು, ಸೈಕಲ್ ಅಂಗಡಿಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಲೋಹ ತಿರುಗಿಸಿ ಕೊರೆಯುವ ಪುಟ್ಟ ಲೇಥ್ ಇಟ್ಟುಕೊಂಡಿದ್ದಳು. ಮಾರ್ಚ್ ಕೊನೆಗೆ ಕೊಟ್ಟಿಗೆ ಕೆಡವುತ್ತಾರೆ. ಮುಚ್ಚಿದ ಕಾರ್ಖಾನೆಯ ಲೇಥ್ ಕೋಣೆಯನ್ನು ಅವಳಿಗೆ ಕೊಡುವ ಬಗ್ಗೆ ಊರಿನ ಸಮಿತಿ ಈ ಶುಕ್ರವಾರ ತೀರ್ಮಾನಿಸಬೇಕಾಗಿತ್ತು. ಕೊಟ್ಟರೆ ಅವಳು ಊರಿನವಳಾಗುತ್ತಾಳೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಮೊಮೊಸೆ ಹೋದಾಗ ಚಿನಾಮಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಮೊಮೊಸೆಗಿಂತ ಮೊದಲೇ ಬಂದಿತ್ತು.

"ಹುಡುಕಿ," ಎಂದಳು. "ಪೆಟ್ಟಿಗೆ, ಹಾಸಿಗೆ, ಅಕ್ಕಿ ಡಬ್ಬಿ, ಎಲ್ಲ ಹುಡುಕಿ."

ಮೊಮೊಸೆ ಹುಡುಕಿದಳು. ಏನೂ ಸಿಗಲಿಲ್ಲ.

"ಭಾನುವಾರ ಸಂಜೆಯಿಂದ ಸೋಮವಾರ ಬೆಳಗ್ಗೆ ತನಕ ಎಲ್ಲಿದ್ದೆ?"

"ಇಲ್ಲೇ. ಒಬ್ಬಳೇ. ಸಾಕ್ಷಿ ಇಲ್ಲ." ಚಿನಾಮಿ ಅಕ್ಕಿ ಡಬ್ಬಿಯ ಮುಚ್ಚಳ ಬಡಿದು ಹಾಕಿದಳು. "ಕದಿಯೋಳಾಗಿದ್ರೆ ಎಲ್ಲರ ಮುಂದೆ ಹೋಗಿ ಹೀಗೆ ಮಾಡಬಹುದು ಅಂತ ಪಾಠ ಹೇಳ್ತಿದ್ನಾ ಸಾರ್ಜೆಂಟ್? ಅಷ್ಟು ದಡ್ಡಿ ಥರ ಕಾಣ್ತೀನಾ?"

ಮಾತು ಸರಿಯೇ. ಆದರೆ ಊರಿಗೆ ಸರಿ ತಪ್ಪು ಯಾಕೆ ಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಸಂಜೆಯೊಳಗೆ ತರಕಾರಿ ಅಂಗಡಿಯಾಕೆ ಚಿನಾಮಿಯ ನಮಸ್ಕಾರಕ್ಕೆ ತಲೆ ಬಾಗಿಸುವುದನ್ನು ನಿಲ್ಲಿಸಿದ್ದಳು. ಸಮಿತಿಯ ಮುಖ್ಯಸ್ಥರು ಮೊಮೊಸೆಗೆ ಫೋನು ಮಾಡಿದರು. "ಶುಕ್ರವಾರದೊಳಗೆ ಇದು ಇತ್ಯರ್ಥ ಆಗದಿದ್ರೆ ನಾನು ಕೀಲಿ ಕೊಡೋಕಾಗಲ್ಲ. ನಾಳೆ ಜನ ನನ್ನ ಕೇಳ್ತಾರೆ."

ಉಳಿದಿದ್ದು ನಾಲ್ಕು ದಿನ.

* * *

ಬುಧವಾರ ಬೆಳಗ್ಗೆ ಮೊಮೊಸೆ ಚೌಕಿಯ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಗಂಟು. ನೇರಳೆ ಬಟ್ಟೆ, ಒಪ್ಪವಾದ ಗಂಟು. ಒಳಗೆ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬ್ಯಾಕ್, ಅದರ ಸುತ್ತ ತೇವ ಹೀರುವ ಹೊಸ ಪೊಟ್ಟಣಗಳು, ಒಂದಲ್ಲ ಎರಡಲ್ಲ, ಆರು.

"ಎಂಥ ಮರ್ಯಾದಸ್ಥ ಕಳ್ಳನಪ್ಪ," ಎಂದುಕೊಂಡಳು.

ಸಂಘದ ಮೂವರನ್ನೂ ಭವನಕ್ಕೆ ಕರೆಸಿದಳು. ಕೊಮಾಕಿಗೆ ಮೈ ಸರಿಯಿಲ್ಲವೆಂದು ಹೆಂಡತಿ ಫೂಸಾ ಫೋನಿನಲ್ಲಿ ಹೇಳಿದರು. ಉಸುಯಿ ಬಂದವನೇ ಬ್ಯಾಕನ್ನು ಬೆಳಕಿಗೆ ಹಿಡಿದ. ಲೆನ್ಸು ಕೂರುವ ತೋಡಿನಲ್ಲಿ ಹಳದಿ ಪುಡಿ ಚೂರು ಹೊಳೆಯಿತು.

"ಹಿತ್ತಾಳೆ! ಊರಲ್ಲಿ ಹಿತ್ತಾಳೆ ಕೊರೆಯೋರು ಯಾರು? ಅವಳೊಬ್ಬಳೇ. ಹೆದರಿ ವಾಪಸ್ ಇಟ್ಟಿದಾಳೆ. ಬರ್ಕೊಳ್ಳಿ ಸಾರ್ಜೆಂಟ್, ಬರ್ಕೊಳ್ಳಿ!"

ಮೊಮೊಸೆ ಬರೆದುಕೊಳ್ಳಲಿಲ್ಲ. ಪುಡಿಯನ್ನು ಕಾಗದದ ಮೇಲೆ ಉದುರಿಸಿ ಮಡಚಿ ಇಟ್ಟುಕೊಂಡಳು.

ಮಿಸಾವೊ ಪರ್ಸಿನಿಂದ ಮೆಮೊರಿ ಕಾರ್ಡ್ ತೆಗೆದು ಬ್ಯಾಕಿಗೆ ಹಾಕಿದರು. ಕಾರ್ಡು ಸದಾ ಅವರ ಪರ್ಸಿನಲ್ಲೇ. ಅದು ಅವರ ಪದ್ಧತಿ. ಉಸುಯಿ ತಂದ ಬಾಡಿಗೆ ಬ್ಯಾಕ್ ಜೋಡಿಸಿದರು. ಕೊಮಾಕಿ ಮನೆಯಿಂದ ತರಿಸಿದ ಸಂಘದ ಲೆನ್ಸನ್ನು ಮುಂದೆ ಕೂರಿಸಿದರು. ಕಿಟಕಿಯಾಚೆ ಆಕಾಶದ ಚಿತ್ರ ಒಂದು ಹಿಡಿದು ಪರದೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಹದ್ದು ಎಲ್ಲಿ?"

"ಯಾವ ಹದ್ದು ಅಜ್ಜಿ?"

"ಚಿತ್ರ ಬೀಳೋ ಗಾಜಿನ ಮೇಲೆ ಒಂದು ಧೂಳಿನ ಕಣ ಇತ್ತಮ್ಮ. ಮೂರು ವರ್ಷದಿಂದ. ಯಾವ ಆಕಾಶ ತೆಗೆದ್ರೂ ಬಲಗಡೆ ಮೂಲೇಲಿ ಹದ್ದು ಹಾರೋ ಹಾಗೆ ಕಾಣ್ತಿತ್ತು. ಲೆನ್ಸು ಬದಲಾಯಿಸಿದ್ರೂ ಹೋಗ್ತಿರಲಿಲ್ಲ, ಅದು ಬ್ಯಾಕಿನ ಜೊತೆಗೇ ಇರೋದಲ್ವಾ. ಒರೆಸೋಕೆ ಹೋಗಿ ಗೀರಿದ್ರೆ ಬ್ಯಾಕೇ ಹಾಳು ಅಂತ ನಾನು ಯಾರಿಗೂ ಮುಟ್ಟೋಕೆ ಬಿಟ್ಟಿರಲಿಲ್ಲ."

"ಈಗ ಇಲ್ವಾ?"

"ಕನ್ನಡಿ ಹಾಗಿದೆ. ಒಂದು ಗೀರಿಲ್ಲ. ಯಾರೋ ಒರೆಸಿದಾರೆ. ಎಂಥ ಕೈಯಮ್ಮ ಅದು!"

ಮೊಮೊಸೆ ಇದನ್ನು ಬರೆದುಕೊಂಡಳು. ಕದ್ದ ಮಾಲನ್ನು ತೊಳೆದು ಬಳಿದು ವಾಪಸ್ ಕೊಡುವ ಕಳ್ಳನನ್ನು ಅವಳು ಮೊದಲ ಸಲ ಕಂಡಿದ್ದಳು. ಅದೂ ಇಷ್ಟು ನಾಜೂಕಿನ ಕೆಲಸ. ಉಸುಯಿಯ ನಡುಗುವ ಬೆರಳುಗಳ ಕಡೆ ಒಮ್ಮೆ ನೋಡಿ, ಅವನ ಹೆಸರಿನ ಮೇಲೆ ಮನಸ್ಸಿನಲ್ಲೇ ಗೆರೆ ಎಳೆದಳು.

* * *

ಅವತ್ತೇ ಮಧ್ಯಾಹ್ನ ಮೊಮೊಸೆ ಬ್ಯಾಕ್ ಎತ್ತಿಕೊಂಡು ಚಿನಾಮಿಯ ಕೊಟ್ಟಿಗೆಗೆ ಹೋದಳು. ಮಿಸಾವೊ ಕೂಡ ಹಿಂದೆಯೇ ಬಂದರು. ಅವರಿಗೀಗ ಕಳ್ಳನಿಗಿಂತ ಆ ಕೈ ಯಾರದು ಎಂಬುದೇ ದೊಡ್ಡ ಚಿಂತೆ.

ಮೊಮೊಸೆ ಹಳದಿ ಪುಡಿಯ ಕಾಗದ ಬಿಡಿಸಿದಳು. "ಇದು ನಿಂದಾ?"

ಚಿನಾಮಿ ನೋಡಿದಳು. ಲೇಥಿನ ಕೆಳಗಿನ ಡಬ್ಬಿಯಿಂದ ಒಂದು ಹಿಡಿ ಹಿತ್ತಾಳೆ ತಂದು ಪಕ್ಕದಲ್ಲಿ ಸುರಿದಳು. ಗುಂಗುರು ಗುಂಗುರಾದ ಸುರುಳಿಗಳು, ಬಡಗಿಯ ಕೀಸುಳಿಯಿಂದ ಬರುವ ಹೊಟ್ಟಿನ ಹಾಗೆ.

"ಇಂಥ ಚಕ್ಕೆ ನಂದು. ಲೇಥಲ್ಲಿ ಕೊರೆದ್ರೆ ಹಿತ್ತಾಳೆ ಹೀಗೆ ಬರುತ್ತೆ. ನಿಮ್ಮ ಹತ್ರ ಇರೋದು ಪುಡಿ. ಅರ ಹಿಡಿದು ಕೈಯಲ್ಲಿ ಉಜ್ಜಿ ಉಜ್ಜಿ ಬಂದಿದ್ದು. ಲೇಥ್ ಇರೋಳು ಯಾಕೆ ಅರ ಉಜ್ಜಿ ಕೈ ಸವೆಸ್ಕೊಳ್ಳಲಿ?"

"ಅಂದ್ರೆ ಕಳ್ಳ ತನ್ನದೇ ರಿಂಗ್ ಮಾಡ್ಕೊಂಡಿದಾನೆ."

"ಮಾಡಿ ಚಿತ್ರ ತೆಗೆದಿದಾನೆ. ಕಾರ್ಡ್ ಯಾರ ಹತ್ರ ಇತ್ತು?"

"ನನ್ನ ಪರ್ಸಲ್ಲಿ," ಎಂದರು ಮಿಸಾವೊ. "ಕಾರ್ಡಿಲ್ಲದೆ ಚಿತ್ರ ಹೇಗೆ ಉಳಿಯುತ್ತೆ?"

ಚಿನಾಮಿಯ ಮುಖದಲ್ಲಿ ಮೂರು ದಿನದ ಮೇಲೆ ನಗು ಕಂಡಿತು. "ಕಾರ್ಡಿಲ್ಲದಿದ್ರೆ ಈ ಬ್ಯಾಕ್ ತನ್ನ ಹೊಟ್ಟೆಯಲ್ಲೇ ಇಟ್ಕೊಳ್ಳುತ್ತೆ. ಇದರೊಳಗೇ ಜಾಗ ಇದೆ. ಇದನ್ನ ಯಾರೂ ಓದಿಲ್ವಾ? ಜೊತೆಗೆ ಬರೋ ಪುಸ್ತಕದ ಹತ್ತನೇ ಪುಟದಲ್ಲೇ ಇದೆಯಲ್ಲ!"

ಮೂವರು ಹಳಬರು ಇಷ್ಟು ವರ್ಷದಲ್ಲಿ ಆ ಪುಸ್ತಕದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಲೆನ್ಸು ಮಾಡಿದವರಿಗೆ ಕ್ಯಾಮೆರಾ ಹೇಳಿಕೊಡುವುದೆಂದರೇನು ಎಂಬ ಜಂಬ.

ಮೊಮೊಸೆ ಗುಂಡಿ ಒತ್ತಿದಳು. ಹದಿನೇಳು ಚಿತ್ರಗಳು. ಹದಿನೇಳೂ ಒಂದೇ ನೋಟ. ಮುಂದೆ ಒಂದು ಉಪ್ಪಿನಕಾಯಿ ಜಾಡಿ, ಒಳಗೆ ಉಪ್ಪಿನಲ್ಲಿ ಹಾಕಿದ ನೊಜಾವಾನಾ ಸೊಪ್ಪು, ಮೇಲೆ ಭಾರಕ್ಕಿಟ್ಟ ದುಂಡನೆಯ ಕಬ್ಬಿಣದ ಬಟ್ಟಲು. ಜಾಡಿ ಎಷ್ಟು ಸ್ಪಷ್ಟ ಎಂದರೆ ಬಟ್ಟಲಿನ ಅಂಚಿನಲ್ಲಿ ಚಕ್ಕೆ ಎದ್ದಿದ್ದೂ ಕಾಣುತ್ತಿತ್ತು. ಅದರ ಹಿಂದೆ ಕುರ್ಚಿಯಲ್ಲಿ ಯಾರೋ ನೀಲಿ ಬಟ್ಟೆಯವರು, ಪೂರಾ ಮಸುಕು. ಅವರ ಹಿಂದೆ ಕಿಟಕಿ, ಕಿಟಕಿಯಾಚೆ ಬಿಸಿಲಿಗೆ ಮಿನುಗುವ ಚುಕ್ಕೆಗಳು. ಚಿತ್ರದ ನಾಲ್ಕು ಮೂಲೆಯೂ ಕಪ್ಪು.

"ಥೂ, ಉಪ್ಪಿನಕಾಯಿ ತೆಗೆಯೋಕೆ ಇಷ್ಟೆಲ್ಲಾ ಸಾಹಸಾನಾ?" ಎಂದಳು ಮೊಮೊಸೆ.

"ಅವನು ತೆಗೆಯೋಕೆ ಹೊರಟಿದ್ದು ಉಪ್ಪಿನಕಾಯಿ ಅಲ್ಲ. ಹಿಂದೆ ಕೂತೋರನ್ನ. ಆಗಲಿಲ್ಲ. ತೋರಿಸ್ತೀನಿ ಬನ್ನಿ."

ಚಿನಾಮಿ ಒಂದು ಭೂತಗನ್ನಡಿ ತೆಗೆದುಕೊಂಡು ಗೋಡೆಯ ಮುಂದೆ ಹಿಡಿದಳು. ಗೋಡೆಯ ಮೇಲೆ ಕಿಟಕಿಯಾಚೆಯ ಬೆಟ್ಟ ತಲೆಕೆಳಗಾಗಿ ಮೂಡಿತು, ಪುಟ್ಟದಾಗಿ, ಸ್ಪಷ್ಟವಾಗಿ. ಕನ್ನಡಿಯನ್ನು ಗೋಡೆಯಿಂದ ಒಂದಿಷ್ಟು ಹಿಂದಕ್ಕೆ ಎಳೆದಳು. ಬೆಟ್ಟ ಕದಡಿಹೋಯಿತು. ಇನ್ನಷ್ಟು ಎಳೆದಳು. ಈಗ ಹತ್ತಿರದ ಕಿಟಕಿಯ ಸರಳು ಸ್ಪಷ್ಟವಾಯಿತು.

"ನೋಡಿದ್ರಾ? ಗಾಜು ಗೋಡೆಯಿಂದ ದೂರ ಹೋದಷ್ಟೂ ಹತ್ತಿರದ ವಸ್ತು ಮಾತ್ರ ಕಾಣುತ್ತೆ. ಪ್ರತಿ ಲೆನ್ಸಿಗೂ ಚಿತ್ರ ಬೀಳೋ ಜಾಗದಿಂದ ಇಷ್ಟೇ ದೂರ ಅಂತ ಒಂದು ಲೆಕ್ಕ ಇದೆ. ಕಂಪನಿ ಕಂಪನಿಗೂ ಬೇರೆ. ಲೆನ್ಸು ತಿರುಗಿಸಿ ಕೂರಿಸಿದ್ರೆ ಸಾಲದು, ಆ ದೂರಾನೂ ಕೂಡಬೇಕು. ಇವನ ರಿಂಗ್ ಸುಮಾರು ಮೂರು ಮಿಲಿಮೀಟರ್ ಹೆಚ್ಚು ದಪ್ಪ ಆಗಿದೆ. ಅದಕ್ಕೇ ಒಂದು ಮಾರಿನಾಚೆ ಇರೋದು ಎಷ್ಟು ತಿರುಗಿಸಿದ್ರೂ ಸ್ಪಷ್ಟ ಆಗಲ್ಲ. ಪಾಪ, ಹದಿನೇಳು ಸಲ ತಿರುಗಿಸಿದಾನೆ."

"ಮೂಲೆ ಯಾಕೆ ಕಪ್ಪು?"

"ಲೆನ್ಸು ಚಿಕ್ಕ ಕ್ಯಾಮೆರಾಕ್ಕೆ ಮಾಡಿದ್ದು. ಅದು ಚೆಲ್ಲೋ ಬೆಳಕಿನ ವೃತ್ತ ಈ ದೊಡ್ಡ ಬ್ಯಾಕಿಗೆ ಸಾಲಲ್ಲ. ಮಗುವಿನ ಹೊದಿಕೆ ದೊಡ್ಡೋರು ಹೊದ್ದ ಹಾಗೆ." ಚಿನಾಮಿ ಪರದೆಗೆ ಮುಖ ತಂದಳು. "ಸಾರ್ಜೆಂಟ್, ಮುಖ್ಯವಾದದ್ದು ಬೇರೆ ಇದೆ. ಅಂಗಡಿಯಲ್ಲಿ ಸಿಗೋ ಲೆನ್ಸಾಗಿದ್ರೆ ಅದಕ್ಕೆ ರಿಂಗೂ ಅಂಗಡಿಯಲ್ಲೇ ಸಿಗುತ್ತೆ, ಯಾರೂ ಕೈಯಲ್ಲಿ ಅರ ಉಜ್ಜಲ್ಲ. ಈ ಲೆನ್ಸು ಕೂರೋ ಬಾಯಿ ಯಾವ ಕಂಪನಿಯದ್ದೂ ಅಲ್ಲ. ಇದನ್ನ ನನ್ನ ಹತ್ರ ತರೋ ಧೈರ್ಯಾನೂ ಅವನಿಗಿರಲಿಲ್ಲ. ಅಂದ್ರೆ ಯಾರಿಗೂ ತೋರಿಸಬಾರದ ಲೆನ್ಸು. ಆ ಚುಕ್ಕೆಗಳನ್ನ ಎಣಿಸಿ."

"ಎಷ್ಟು ಚುಕ್ಕೆ ಅಂತಾನಾ?"

"ಒಂದು ಚುಕ್ಕೆಗೆ ಎಷ್ಟು ಮೂಲೆ ಅಂತ. ಲೆನ್ಸೊಳಗೆ ಬೆಳಕಿನ ತೂತನ್ನ ಹಿಗ್ಗಿಸಿ ಕುಗ್ಗಿಸೋ ತಗಡಿನ ಎಸಳು ಇರುತ್ತೆ. ಎಷ್ಟು ಎಸಳೋ, ಮಸುಕಾದ ಬೆಳಕಿಗೆ ಅಷ್ಟು ಮೂಲೆ."

ಮೊಮೊಸೆ ಚಿತ್ರ ದೊಡ್ಡದು ಮಾಡಿ ಎಣಿಸಿದಳು. ಒಂಬತ್ತು. ಇನ್ನೊಂದು ಚುಕ್ಕೆ. ಅದೂ ಒಂಬತ್ತು.

ಮಿಸಾವೊ ತಲೆ ಅಲ್ಲಾಡಿಸಿದರು. "ನಾನು ಪ್ಯಾಕಿಂಗಲ್ಲಿ ಮೂವತ್ತು ವರ್ಷ ಇದ್ದೆ. ಒಂಬತ್ತು ಎಸಳಿನ ಲೆನ್ಸು ನನ್ನ ಕೈಲಿ ಒಂದೂ ಹಾದುಹೋಗಿಲ್ಲ."

"ಆ ಕಬ್ಬಿಣದ ಬಟ್ಟಲು?"

"ಗಾಜು ಉಜ್ಜೋ ಬಟ್ಟಲಮ್ಮ ಅದು. ಕಾರ್ಖಾನೆ ಮುಚ್ಚಿದಾಗ ಎಲ್ಲರಿಗೂ ಹಂಚಿದ್ರು. ಈ ಊರಲ್ಲಿ ಅರ್ಧ ಮನೆಗಳ ಉಪ್ಪಿನಕಾಯಿ ಮೇಲೆ ಅದೇ ಕೂತಿದೆ."

* * *

ಗುರುವಾರ ಬೆಳಗ್ಗೆ ಮೊಮೊಸೆ ಉಸುಯಿಯ ಮನೆಗೆ ಹೋದಳು. ಸಂಘದಲ್ಲಿ ಇವನೊಬ್ಬನೇ ಗಾಜಿನ ವಿಭಾಗದ ಹಳಬ.

"ಒಂಬತ್ತು ಎಸಳಿನ ಲೆನ್ಸು ಮಾಡಿದ್ರಾ ಯಾವಾಗಾದ್ರೂ?"

ಉಸುಯಿ ಚಹಾದ ಬಟ್ಟಲು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಿಡುಕು ಎಲ್ಲೋ ಹೋಗಿತ್ತು.

"ನಲವತ್ತು ವರ್ಷದ ಹಿಂದೆ. ನಮ್ಮದೇ ಒಂದು ಕ್ಯಾಮೆರಾ ಬರಬೇಕಿತ್ತು, ನಮ್ಮ ಊರಿನ ಹೆಸರಲ್ಲಿ. ಅದಕ್ಕೆ ಹನ್ನೆರಡು ಲೆನ್ಸು ಮಾಡಿದ್ವಿ. ಅಂಥ ಲೆನ್ಸು ನಾನು ಆಮೇಲೆ ನೋಡಿಲ್ಲ ಸಾರ್ಜೆಂಟ್. ಮೇಲಿನವರು ಯೋಜನೆ ಕೈಬಿಟ್ರು. ಗುಟ್ಟು ಹೊರಗೆ ಹೋಗಬಾರದು ಅಂತ ಹನ್ನೆರಡನ್ನೂ ಒಡೆಯೋಕೆ ಹೇಳಿದ್ರು. ನಾವೆಲ್ಲ ಗೋಡೆಯಾಚೆ ನಿಂತು ಸುತ್ತಿಗೆ ಶಬ್ದ ಕೇಳ್ತಾ ಅತ್ತಿದೀವಿ."

"ಹನ್ನೆರಡೂ ಒಡೆದ್ರಾ?"

"ಚೂರು ಗುಡಿಸಿದ್ದು ನಾನೇ. ಚೂರನ್ನ ಯಾರು ಎಣಿಸ್ತಾರೆ?"

"ಸುತ್ತಿಗೆ ಯಾರ ಕೈಯಲ್ಲಿತ್ತು?"

ಉಸುಯಿ ಬಟ್ಟಲು ಕೆಳಗಿಟ್ಟ. ಬಟ್ಟಲಿನ ಚಹಾ ತಟ್ಟೆಗೆ ತುಳುಕಿತು.

"ಪರೀಕ್ಷಾ ವಿಭಾಗದ್ದು ಆ ಕೆಲಸ," ಎಂದ, ತೀರ ಮೆಲ್ಲಗೆ.

* * *

ಕೊಮಾಕಿಯ ಮನೆ ಸರೋವರದ ದಂಡೆಗೇ ಇತ್ತು. ಫೂಸಾ ನೀಲಿ ಉಣ್ಣೆಯ ಅಂಗಿ ತೊಟ್ಟಿದ್ದರು. ಮೊಮೊಸೆ ಕೂರುವ ಮುಂಚೆಯೇ ಚಹಾ ಬಂತು. ಚಹಾದ ಜೊತೆ ಉಪ್ಪಿನಕಾಯಿ ಬಂತು. ಆ ಸೀಮೆಯಲ್ಲಿ ಪೊಲೀಸರೇ ಬರಲಿ, ಯಮನೇ ಬರಲಿ, ನೊಜಾವಾನಾ ತಿನ್ನಿಸದೆ ಯಾವ ಮನೆಯೊಡತಿಯೂ ಕಳಿಸುವುದಿಲ್ಲ.

"ಇನ್ನೊಂಚೂರು ಹಾಕ್ಲಾ?"

"ಹಾಕಿ ಅಮ್ಮ. ಜಾಡಿನೇ ತನ್ನಿ, ಸಂಕೋಚ ಯಾಕೆ?"

ಫೂಸಾ ನಗುತ್ತಾ ಜಾಡಿಯನ್ನೇ ತಂದಿಟ್ಟರು. ಮೇಲೆ ಕಬ್ಬಿಣದ ಬಟ್ಟಲು. ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಎದುರಿಗೆ ಕುರ್ಚಿ, ಕುರ್ಚಿಯ ಹಿಂದೆ ಕಿಟಕಿ, ಕಿಟಕಿಯಾಚೆ ಸರೋವರ ಬಿಸಿಲಿಗೆ ಮಿನುಗುತ್ತಿತ್ತು.

ಮೂಲೆಯಲ್ಲಿ ಕೂತಿದ್ದ ಕೊಮಾಕಿ ಜಾಡಿ ನೋಡಿದರು, ಮೊಮೊಸೆಯ ಮುಖ ನೋಡಿದರು. ಎರಡೂ ಕೈ ಮಡಿಲಿಗೆ ಎಳೆದುಕೊಂಡರು. ಬಲಗೈಯ ಬೆರಳುಗಳಲ್ಲಿ ಅರ ಹಿಡಿದ ಬೊಬ್ಬೆಗಳಿದ್ದವು.

ಮೊಮೊಸೆಗೆ ಸಿಟ್ಟು ಬಂತು. ಕನಿಕರವೂ ಬಂತು. ಸಿಟ್ಟೇ ಸ್ವಲ್ಪ ಮುಂದಿತ್ತು.

"ನಾಳೆ ಹತ್ತು ಗಂಟೆಗೆ ಸಮಿತಿ ಸಭೆ ಕೊಮಾಕಿ ಸಾನ್," ಎಂದಳು ಏಳುತ್ತಾ. "ಚಿನಾಮಿ ಈಗಲೇ ಸಾಮಾನು ಕಟ್ಟೋಕೆ ಶುರುಮಾಡಿದಾಳೆ. ನೀವಿಬ್ಬರೂ ಬನ್ನಿ. ಉಪ್ಪಿನಕಾಯಿ ಚೆನ್ನಾಗಿತ್ತು ಅಮ್ಮ."

* * *

ಶುಕ್ರವಾರ ಭವನ ತುಂಬಿತ್ತು. ಸಮಿತಿಯ ಮುಖ್ಯಸ್ಥರ ಮುಂದೆ ಮೇಜಿನ ಮೇಲೆ ಲೇಥ್ ಕೋಣೆಯ ಕೀಲಿ. ಚಿನಾಮಿ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕೊಮಾಕಿ ದಂಪತಿ ಮುಂದಿನ ಸಾಲಿನಲ್ಲಿ.

"ಪೊಲೀಸರು ಏನಂತಾರೆ?" ಎಂದರು ಮುಖ್ಯಸ್ಥರು.

ಮೊಮೊಸೆ ಎದ್ದು ನಿಂತಳು.

"ಚಿನಾಮಿ ಕದ್ದಿಲ್ಲ. ಅವಳ ಲೇಥಿನ ಹಿತ್ತಾಳೆ ಸುರುಳಿಯಾಗಿ ಬರುತ್ತೆ. ಬ್ಯಾಕಿನಲ್ಲಿ ಸಿಕ್ಕಿದ್ದು ಅರದ ಪುಡಿ. ಕಳ್ಳನ ರಿಂಗ್ ಮೂರು ಮಿಲಿಮೀಟರ್ ತಪ್ಪಿದೆ. ಇವಳು ತಪ್ಪಿದ್ರೂ ಕೂದಲೆಳೆಯ ಹತ್ತನೇ ಒಂದು ಭಾಗ ತಪ್ಪಬಹುದು. ಮಿಸಾವೊ ಅಜ್ಜಿನೂ ಅಲ್ಲ. ಅವರಾಗಿದ್ರೆ ಪರ್ಸಲ್ಲಿದ್ದ ಕಾರ್ಡನ್ನೇ ಹಾಕ್ತಿದ್ರು. ಕಳ್ಳನ ಹತ್ರ ಕಾರ್ಡಿರಲಿಲ್ಲ. ಕಾರ್ಡಿಲ್ಲ ಅಂದ್ರೆ ಚಿತ್ರ ಉಳಿಯಲ್ಲ ಅಂದುಕೊಂಡ. ಉಳಿದಿತ್ತು."

ಸಭೆಯಲ್ಲಿ ಗುಸುಗುಸು ಎದ್ದಿತು.

"ಇನ್ನೂ ಒಂದು. ಬ್ಯಾಕಿನ ಗಾಜಿನ ಮೇಲೆ ಮೂರು ವರ್ಷದಿಂದ ಒಂದು ಧೂಳಿನ ಕಣ ಇತ್ತು. ಕಳ್ಳ ಅದನ್ನ ಒಂದು ಗೀರಿಲ್ಲದೆ ಒರೆಸಿ ವಾಪಸ್ ಕೊಟ್ಟ. ಯಾಕೆ? ಧೂಳು ಕಂಡ್ರೆ ಸುಮ್ಮನಿರೋಕೆ ಅವನಿಂದ ಆಗಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಕಸುಬಿನ ಗುಣಾನೂ ಹಾಗೇ. ಉಸುಯಿ ಸಾನ್ ಕೈ ನಡುಗುತ್ತೆ, ಆ ಕೆಲಸ ಅವರಿಂದ ಆಗಲ್ಲ. ಆ ಕೈ ಬೇರೆ. ಅವನು ಹಾಕಿದ್ದು ಒಂಬತ್ತು ಎಸಳಿನ ಲೆನ್ಸು. ಅಂಥವು ಲೋಕದಲ್ಲಿ ಹನ್ನೆರಡೇ ಇದ್ದವು. ಹನ್ನೆರಡನ್ನೂ ಒಡೆಯೋಕೆ ಒಬ್ಬರ ಕೈಗೆ ಸುತ್ತಿಗೆ ಕೊಟ್ಟಿದ್ರು..."

"ಸಾಕು ಸಾರ್ಜೆಂಟ್."

ಕೊಮಾಕಿ ಎದ್ದು ನಿಂತಿದ್ದರು.

"ನಾನೇ. ಹನ್ನೊಂದು ಒಡೆದೆ. ಹನ್ನೆರಡನೇದರ ಮುಂದಿನ ಗಾಜು ಇವಳು ಉಜ್ಜಿದ್ದು." ಪಕ್ಕದಲ್ಲಿದ್ದ ಫೂಸಾ ಕಡೆ ತೋರಿಸಿದರು. "ಆಗಿನ್ನೂ ನಮ್ಮ ಮದುವೆ ಆಗಿರಲಿಲ್ಲ. ಒಡೆಯೋಕೆ ಕೈ ಬರಲಿಲ್ಲ. ಜೇಬಿಗೆ ಹಾಕ್ಕೊಂಡೆ. ಅದಕ್ಕೆ ಕ್ಯಾಮೆರಾನೇ ಹುಟ್ಟಲಿಲ್ಲ, ನಲವತ್ತು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಈ ಹುಡುಗಿ ರಿಂಗ್ ಇದ್ರೆ ಯಾವ ಲೆನ್ಸಾದ್ರೂ ಕೂರುತ್ತೆ ಅಂದಾಗ ನನ್ನ ನಿದ್ದೆ ಹಾರಿಹೋಯ್ತು. ಫೂಸಾ ಗಾಜಲ್ಲಿ ಅವಳದೇ ಮುಖ ಒಂದು ಸಲ ನೋಡಬೇಕು ಅನ್ನಿಸ್ತು. ಮೇಜು ಗುದ್ದಿ ಬೈದೋನು ಹೋಗಿ ರಿಂಗ್ ಕೇಳೋದು ಹೇಗೆ? ಕೇಳಿದ್ರೆ ಕಾರ್ಖಾನೆಯಿಂದ ಕದ್ದ ಲೆನ್ಸು ಅಂತಾನೂ ಗೊತ್ತಾಗಿಬಿಡುತ್ತೆ. ಒಂದೇ ದಿನ ಇಟ್ಕೊಂಡು ವಾಪಸ್ ಇಡೋಣ ಅಂತಿದ್ದೆ. ಅಷ್ಟರಲ್ಲಿ ಮಿಸಾವೊ ಕೂಗಿಬಿಟ್ರು."

ಫೂಸಾ ಗಂಡನ ಮುಖ ನೋಡಿದರು. ಸಂಘದವರನ್ನು ಕೇಳಿಯೇ ತಂದಿದ್ದು, ಕಳುವಾಗಿದ್ದು ಬೇರೇನೋ ಎಂದು ಅವರು ನಂಬಿಕೊಂಡಿದ್ದರು.

"ನಲವತ್ತು ವರ್ಷ ಒಂದು ಗಾಜು ಕಾಪಾಡಿದ್ರಿ," ಎಂದರು, ಇಡೀ ಸಭೆಗೆ ಕೇಳುವ ಹಾಗೆ. "ಒಂದು ಹುಡುಗಿಯ ಮಾನ ನಾಲ್ಕು ದಿನ ಕಾಪಾಡೋಕಾಗಲಿಲ್ಲ ನಿಮ್ಮ ಕೈಲಿ."

ಕೊಮಾಕಿ ಕೊನೆಯ ಸಾಲಿನ ತನಕ ನಡೆದು ಹೋಗಿ, ಚಿನಾಮಿಯ ಮುಂದೆ ಸೊಂಟ ಬಾಗಿಸಿ ನಿಂತರು. ನಿಂತೇ ಇದ್ದರು. ತರಕಾರಿ ಅಂಗಡಿಯಾಕೆ ನೆಲ ನೋಡಿದಳು. ಉಸುಯಿ ಕೂಡ ಎದ್ದು ಬಂದು ಅವರ ಪಕ್ಕದಲ್ಲಿ ಬಾಗಿದ. "ಬಾಯಿ ಜೋರು ನಂದು. ತಪ್ಪಾಯ್ತಮ್ಮ."

ಚಿನಾಮಿಯ ಕಣ್ಣಲ್ಲಿ ನೀರು ತುಂಬಿತ್ತು. ಅಂಗೈಯಲ್ಲಿ ಒರೆಸಿಕೊಂಡಳು.

"ನಾನು ಇನ್ನೂ ಕ್ಷಮಿಸಿಲ್ಲ," ಎಂದಳು. "ಆದ್ರೆ ಲೆನ್ಸು ತಂದಿದೀರಾ?"

ಫೂಸಾ ಮಡಿಲಿನ ಚೀಲ ಬಿಚ್ಚಿ ಕೊಟ್ಟರು. ಚಿನಾಮಿ ಜೇಬಿನಿಂದ ಅಳತೆಯ ಕ್ಯಾಲಿಪರ್ ತೆಗೆದಳು. ಲೆನ್ಸಿನ ಹಿಂಬದಿ ಅಳೆದಳು, ಕೊಮಾಕಿ ಮಾಡಿದ್ದ ಹಿತ್ತಾಳೆ ರಿಂಗ್ ಅಳೆದಳು. ಇಡೀ ಸಭೆ ತನ್ನನ್ನೇ ನೋಡುತ್ತಿದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಇದರ ದೂರ ಎಷ್ಟಿರಬೇಕು? ನೆನಪಿದೆಯಾ?"

"ನಲವತ್ತೆರಡೂವರೆ," ಎಂದರು ಕೊಮಾಕಿ, ಬಾಗಿದ್ದಲ್ಲಿಂದಲೇ. "ಅಷ್ಟಕ್ಕೆ ತರೋಕೆ ಅರ ಉಜ್ಜಿ ಉಜ್ಜಿ ಕೈ ಸೋತುಹೋಯ್ತು."

"ಮೂರು ಪಾಯಿಂಟ್ ಒಂದು ಮಿಲಿಮೀಟರ್ ಇಳಿಸಬೇಕು. ಇಷ್ಟು ಅಗಲದ ರಿಂಗ್ ನನ್ನ ಪುಟ್ಟ ಲೇಥ್ ಹಿಡಿಯಲ್ಲ. ದೊಡ್ಡ ಲೇಥಾದ್ರೆ ಹತ್ತು ನಿಮಿಷದ ಕೆಲಸ."

"ದೊಡ್ಡ ಲೇಥ್ ಎಲ್ಲಿದೆ?" ಎಂದು ಯಾರೋ ಕೇಳಿದರು.

ಎಲ್ಲರೂ ಮೇಜಿನ ಮೇಲಿದ್ದ ಕೀಲಿಯನ್ನು ನೋಡಿದರು. ಮುಖ್ಯಸ್ಥರು ಸಮಿತಿಯವರ ಮುಖ ಒಂದೊಂದಾಗಿ ನೋಡಿದರು. ಒಬ್ಬೊಬ್ಬರೇ ತಲೆಯಾಡಿಸಿದರು. ಮುಖ್ಯಸ್ಥರು ಕೀಲಿ ಎತ್ತಿಕೊಂಡು ಕೊನೆಯ ಸಾಲಿಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದು ಚಿನಾಮಿಗೆ ಕೊಟ್ಟರು.

ಎಂಟು ವರ್ಷ ಮುಚ್ಚಿದ್ದ ಬಾಗಿಲು ತೆಗೆಯಲು ಉಸುಯಿಯ ಭುಜವೂ ಬೇಕಾಯಿತು. ಲೇಥ್ ಗೊಣಗಿತು, ಕೆಮ್ಮಿತು, ತಿರುಗಿತು. ಮಿಸಾವೊ ಬ್ಯಾಕ್ ಹಿಡಿದು ನಿಂತರು. ಈ ಸಲ ಕಾರ್ಡ್ ಹಾಕಿದ್ದರು. ಫೂಸಾ ಬೆಟ್ಟಕ್ಕೆ ಬೆನ್ನು ಮಾಡಿ ಅಂಗಳದಲ್ಲಿ ನಿಂತರು. ಗಂಡನ ಮೇಲಿನ ಸಿಟ್ಟು ಇನ್ನೂ ಮುಖದ ಮೇಲೇ ಇತ್ತು. ಚಿನಾಮಿ ಲೆನ್ಸು ತಿರುಗಿಸಿ ಕೂರಿಸಿದಳು. ಪರದೆಯಲ್ಲಿ ಬೆಟ್ಟದ ಹಿಮದ ಗೆರೆಗಳು ಸ್ಪಷ್ಟ. ಸ್ವಲ್ಪ ತಿರುಗಿಸಿದರೆ ಫೂಸಾ ಕಣ್ಣಿನ ಸುಕ್ಕು, ಸುಕ್ಕಿನೊಳಗಿನ ಸಿಟ್ಟು, ಸಿಟ್ಟಿನ ಹಿಂದೆಯೇ ಮೂಡುತ್ತಿದ್ದ ನಗು, ಎಲ್ಲ ಸ್ಪಷ್ಟ. ಕೊಮಾಕಿ ಪರದೆಯ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು.

ಮೊಮೊಸೆ ಸಂಘದವರಿಂದ ದೂರು ವಾಪಸ್ ಬರೆಸಿಕೊಂಡಳು. ಚಿನಾಮಿ ದೂರೇ ಕೊಟ್ಟಿರಲಿಲ್ಲ, ವಾಪಸ್ ಬರೆಸಲು ಏನೂ ಇರಲಿಲ್ಲ. ಅವಳು ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಕೊಮಾಕಿಯ ಮುಂದೆ ಬಂದು ನಿಂತಳು.

"ಸೋಮವಾರ ಎಂಟು ಗಂಟೆಗೆ ಬನ್ನಿ. ನನ್ನ ರಿಂಗುಗಳನ್ನ ಪರೀಕ್ಷೆ ಮಾಡೋಕೆ ಒಂದು ಕಣ್ಣು ಬೇಕು. ಒಂದು ಗೀರು ಕಂಡ್ರೂ ವಾಪಸ್ ಕಳಿಸಬೇಕು. ನನ್ನ ಮೇಲೆ ಕರುಣೆ ತೋರಿಸಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ."

ಸೋಮವಾರ ಏಳೂವರೆಗೇ ಕೊಮಾಕಿ ಆ ಬಾಗಿಲ ಮುಂದೆ ನಿಂತಿದ್ದರು.